ಸಾವಂತ್ರವ್ವನ ಗದ್ದದ ಹಚ್ಚೆ

ಮರಾಠಿ ಸೀಮೆಯ ಕೊಂಢವಾದಲ್ಲಿ ಸಿದ್ದಾರೂಢನ ಕೈಗೆ ಸಿಕ್ಕ ಮುಖ ಕಪ್ಪಾಗಿ ಹೊರಬಂದದ್ದಿಲ್ಲ. ಫೋಟೊ ಸ್ಟುಡಿಯೊ ಅವನದು. ಹುಟ್ಟುಹಬ್ಬ, ನಿಶ್ಚಿತಾರ್ಥ, ಗಣಪತಿ ಮಂಡಳ, ಯಾವುದರ ಫ್ಲೆಕ್ಸ್ ಆದರೂ ಸರಿ, ಅದರಲ್ಲಿ ನಿಂತವರನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಒಂದೇ ಹದಕ್ಕೆ ಬೆಳ್ಳಗೆ ಮಾಡಿ ಕೊಡುತ್ತಿದ್ದ. ಯಾದಗಿರಿ ಕಡೆಯಿಂದ ಬಂದ ಅವನ ತಾಯಿ ಸಾವಂತ್ರವ್ವ ಇದೇ ಕೊಂಢವಾದ ಕಟ್ಟಡಗಳಲ್ಲಿ ಸಿಮೆಂಟು ಹೊತ್ತು ಅವನನ್ನು ಬೆಳೆಸಿದವಳು. ಗಿರಾಕಿಗಳ ಮುಂದೆ ಆ ಮಾತು ಅವನು ಎತ್ತಿದವನಲ್ಲ.

ಈಗ ಮಗಳು ಅಪೇಕ್ಷಾಳ ನಿಶ್ಚಿತಾರ್ಥ. ಬೀಗರು ಕರಾವಳಿಯವರು, ಲೋಣಾವಳಾದಲ್ಲಿ ಹೋಟೆಲಿಟ್ಟವರು. ಮಂಗಲ ಕಾರ್ಯಾಲಯದ ಬಾಗಿಲಿಗೆ ಕಟ್ಟುವ ಫ್ಲೆಕ್ಸಿನಲ್ಲಿ ಎರಡೂ ಮನೆಯ ಅಜ್ಜಿಯರು ಇರಲೇಬೇಕೆಂದು ಅಪೇಕ್ಷಾ ಹಟ ಹಿಡಿದಳು. ಆ ಕಡೆಯ ಅಜ್ಜಿ ಫೋಟೊದಲ್ಲಿ ಮುತ್ತಿನ ಸರ ಹಾಕಿಕೊಂಡು ತಣ್ಣಗೆ ನಕ್ಕಿದ್ದರು. ಅವರ ಪಕ್ಕದಲ್ಲಿ ತಾಯಿಯನ್ನಿಟ್ಟು ನೋಡಿದ ಸಿದ್ದಾರೂಢನ ಕೈ ಸುಮ್ಮನಿರಲಿಲ್ಲ. ಬಣ್ಣ ತಿಳಿಗೊಳಿಸಿದ. ಮುರಿದ ಹಲ್ಲು ಕೂಡಿಸಿದ. ಗದ್ದದ ಮೇಲಿನ ಹಸಿರು ಹಚ್ಚೆಯನ್ನು ಮೊಡವೆ ಅಳಿಸಿದ ಹಾಗೆ ಅಳಿಸಿಬಿಟ್ಟ. ಹೆತ್ತವರಿಗೆ ಹೆಗ್ಗಣ ಮುದ್ದಂತೆ. ಹೆಗ್ಗಣಕ್ಕೆ ಹೆತ್ತವರು ಮುದ್ದಾಗಬೇಕೆಂದು ಗಾದೆಯಲ್ಲಿ ಇಲ್ಲವಲ್ಲ.

ಹಿಂಬದಿಯ ಮನೆಯಿಂದ ಊಟಕ್ಕೆ ಕರೆಯಲು ಬಂದ ಸಾವಂತ್ರವ್ವ ಬೆನ್ನ ಹಿಂದೆ ನಿಂತದ್ದು ಅವನಿಗೆ ಗೊತ್ತಾಗಲಿಲ್ಲ.

“ಇಕಿ ಯಾರಪಾ? ಬೀಗರ ಪೈಕಿಯಾಕೇನು?”

ಹೌದೆಂದುಬಿಡಬಹುದಿತ್ತು. ಆದರೆ ಪರದೆಯ ಮೇಲಿನವಳು ಉಟ್ಟದ್ದೂ ಬೆನ್ನ ಹಿಂದಿನವಳು ಉಟ್ಟದ್ದೂ ಅದೇ ಇಳಕಲ್ ಸೀರೆ.

“ನೀನ ಯವ್ವಾ. ಒಂಚೂರು ತಿದ್ದೀನಿ. ತಡಿ, ಇದ್ದಂಗ ಮಾಡ್ತೀನಿ.”

ಕಂಟ್ರೋಲ್ ಝಡ್ ಒತ್ತಿದ. ಗದ್ದದ ಮೇಲೆ ಹಚ್ಚೆ ಮೂಡಿತು. ಮತ್ತೆ ಒತ್ತಿದ, ಹಲ್ಲು ಮುರಿಯಿತು. ಮತ್ತೆ ಒತ್ತಿದ, ಬಿಸಿಲುಂಡ ಬಣ್ಣ ಮರಳಿತು. ತಾಯಿಯಲ್ಲಿ ತನಗೆ ಏನೇನು ಬೇಡವಾಗಿತ್ತೋ ಅದೆಲ್ಲ ಅವಳ ಕಣ್ಣೆದುರೇ ಒಂದೊಂದಾಗಿ ಹೊರಬಿತ್ತು. ಎಲ್ಲವನ್ನೂ ಒಮ್ಮೆಲೇ ಹಿಂದಕ್ಕೆ ತರುವ ದಾರಿ ಇತ್ತು, ಗಾಬರಿಯಲ್ಲಿ ಹೊಳೆಯಲಿಲ್ಲ.

ಸಾವಂತ್ರವ್ವ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

“ನೀ ತಿದ್ದಿದ್ದ ಇಡಪಾ,” ಎಂದಳು. “ಛಂದ ಇತ್ತು. ಬೀಗರ ಮುಂದ ನಿನ್ನ ತಲಿ ಕೆಳಗ ಆಗಬಾರದು. ನಾನೂ ಅವತ್ತ ಸೆರಗು ಗದ್ದಕ್ಕ ಹಿಡಕೊಂಡ ಕೂಡ್ತೀನಿ. ನಿನ್ನ ದುಕಾನದ ಪೂಜಿಗೆ, ಅಪೇಕ್ಷಾನ ಸಾಲಿ ಕಾರ್ಯಕ್ರಮಕ್ಕ, ಎಲ್ಲಾ ಕಡೆ ಹಂಗ ಕೂತೀನಲ್ಲ. ರೂಢಿ ಆಗ್ಯದ.”

ಸೆರಗು ಹಿಡಿದು ಮೂಲೆಯಲ್ಲಿ ಕೂತ ತಾಯಿಯನ್ನು ಸಿದ್ದಾರೂಢ ಎಷ್ಟೋ ಸಲ ನೋಡಿದ್ದ. ಹಳ್ಳಿ ಹೆಂಗಸಿನ ಸಂಕೋಚ ಅಂದುಕೊಂಡಿದ್ದ. ತನಗೋಸ್ಕರ ಮುಚ್ಚಿಕೊಂಡು ಕೂತಿದ್ದಾಳೆಂದು ಇಷ್ಟು ವರ್ಷ ತಿಳಿದಿರಲಿಲ್ಲ.

“ರೊಟ್ಟಿ ಆರ್ತಾವ, ಏಳು,” ಎಂದಳು ಸಾವಂತ್ರವ್ವ.

ಅವನು ಏಳಲಿಲ್ಲ. ಎದ್ದರೆ ತಿರುಗಿ ಅವಳ ಮುಖ ನೋಡಬೇಕಾಗುತ್ತಿತ್ತು.