ಬಸು ಮಾಡುತ್ತಿದ್ದ ಶನಿವಾರದ ಫೋನು

ತಿರುವನಂತಪುರದ ಕಳಕ್ಕೂಟಂನ ನಮ್ಮ ಆಫೀಸಿನಲ್ಲಿ ನೆಲ ಒರೆಸುವ ನೀರಿಗೆ ಕಳೆದ ತಿಂಗಳಿಂದ ಯಾವುದೋ ಹೊಸ ಔಷಧ ಹಾಕುತ್ತಿದ್ದಾರೆ. ಬೆಳಿಗ್ಗೆ ಲಿಫ್ಟಿನಿಂದ ಹೊರಗೆ ಕಾಲಿಟ್ಟರೆ ಅಮೋನಿಯಾದ ಘಾಟು ಮೂಗಿಗೆ ಹೊಡೆಯುತ್ತದೆ. ಎಲ್ಲರೂ ಮೂಗು ಮುಚ್ಚಿಕೊಂಡು ಓಡಿದರೆ ನಾನು ಅಲ್ಲೇ ಒಂದು ಗಳಿಗೆ ನಿಂತು ಉಸಿರೆಳೆದುಕೊಳ್ಳುತ್ತೇನೆ. ಮೊನ್ನೆ ನೆಲ ಒರೆಸುವ ಹೆಂಗಸು ಕೋಲು ಬದಿಗಿಟ್ಟು, "ಸುಖಮಿಲ್ಲೇ ಚೇಚೀ?" ಎಂದು ಕೇಳಿದಳು. ಮೈ ಸರಿಯಿಲ್ಲವೇ ಅಕ್ಕ ಎಂದು. ನಲವತ್ತೇಳು ವರ್ಷದ ಹೆಂಗಸು ಒದ್ದೆ ನೆಲದ ಮುಂದೆ ನಿಂತು ಕಣ್ಣು ತುಂಬಿಕೊಳ್ಳುವುದಕ್ಕೆ ಕಾರಣ ಹೇಳಲು ಹೊರಟರೆ ಒಂಬತ್ತೂವರೆಯ ಮೀಟಿಂಗು ತಪ್ಪುತ್ತದೆ. ನಿಮಗಾದರೆ ಸ್ವಲ್ಪ ಪುರುಸೊತ್ತಿರಬಹುದು, ಕೂತುಕೊಳ್ಳಿ.

ಅದು ಬಸುವಿನ ಅಂಗಿಯ ವಾಸನೆ. ಬಸವರಾಜ ಅವನ ಪೂರ್ತಿ ಹೆಸರು, ಊರು ಗದಗ. ಎರ್ನಾಕುಲಂ ಪಕ್ಕದ ಏಲೂರಿನ ಒಂದು ಗೊಬ್ಬರದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದ ಆ ಘಾಟನ್ನು ಮೈಮೇಲೆ ಹೊತ್ತುಕೊಂಡೇ ಅವನು ತಿಂಗಳಿಗೊಂದು ಭಾನುವಾರ ಎರ್ನಾಕುಲಂಗೆ ಬರುತ್ತಿದ್ದ. ಆಗ ನಾನೂ ಇದ್ದದ್ದು ಅಲ್ಲೇ. ಟ್ಯೂಷನ್ ಕೇಂದ್ರವೊಂದರ ಮೇಲ್ಮಹಡಿಯಲ್ಲಿ ನಾವು ಮೂವತ್ತು ನಲವತ್ತು ಮಂದಿ ಕನ್ನಡದವರು ಸೇರುತ್ತಿದ್ದೆವು. ಹತ್ತನೇ ಕ್ಲಾಸಿನ ಮಕ್ಕಳ ಬೆಂಚುಗಳು. ಮೊಣಕಾಲು ಡೆಸ್ಕಿಗೆ ತಾಗಿ, ಏಳುವಾಗ ಪ್ರತಿಯೊಬ್ಬರ ಬಾಯಲ್ಲೂ ಅಮ್ಮಾ ಎಂಬ ಕನ್ನಡ ಬರುತ್ತಿತ್ತು. ಮೊದಲು ಭಾಷಣ, ಆಮೇಲೆ ಉಪ್ಪಿಟ್ಟು, ಕೊನೆಗೆ ಬಸು. ಉಪ್ಪಿಟ್ಟಿನ ಹೊತ್ತಿಗೆ ಜಾರಿಕೊಳ್ಳುತ್ತಿದ್ದವರೆಲ್ಲ ಬಸು ಬಂದಮೇಲೆ ಗಟ್ಟಿಯಾಗಿ ಕೂರತೊಡಗಿದರು.

ಅವನು ಕೈ ಹಿಂದೆ ಕಟ್ಟಿ, ಪಾಠ ಒಪ್ಪಿಸಲು ಎದ್ದವನ ಹಾಗೆ ನಿಲ್ಲುತ್ತಿದ್ದ. ನಗುತ್ತಿರಲಿಲ್ಲ. "ನಮ್ಮ ಮಂದಿ ಮೊದಲ ಭೇಟಿಗೇ ಮಾಂಸ ತಿಂತೀರೇನ್ರಿ ಅಂತ ಕೇಳ್ತಾರ. ಊಟಕ್ಕ ಕರಿಯಾಕ ಅಂತ ತಿಳದಿದ್ದೆ. ಕರೀಬಾರದು ಅಂತ ಖಾತ್ರಿ ಮಾಡ್ಕೊಳ್ಳಾಕ್ರಿ ಅದು." ಕೇಳಿದವರು ಮೊದಲು ಪಕ್ಕದವರ ಮುಖ ನೋಡಿ, ಅವರು ನಕ್ಕಮೇಲೆ ತಾವೂ ನಗುತ್ತಿದ್ದರು. ಅವನು ಬಿಡುತ್ತಿರಲಿಲ್ಲ. "ಏಲೂರಿನ ಬಸ್ಸಿನ್ಯಾಗ ನನ್ನ ಬಾಜೂಕ ಯಾರೂ ಕುಂದ್ರಂಗಿಲ್ಲ, ಮೈ ವಾಸನಿ ಬರ್ತೈತಿ ಅಂತ. ಜಾತಿ ಕೇಳದ ದೂರ ಸರಿಯೂದನ್ನ ನಾ ಅಲ್ಲೇ ಮೊದಲ ನೋಡಿದ್ದು. ಭಾಳ ಸಮಾಧಾನ ಆತ್ರಿ." ಹಿಂದಿನ ಬೆಂಚಿನಲ್ಲಿ ಯಾರೋ ಎದ್ದು ಹೋಗುತ್ತಿದ್ದರು. ಮುಂದಿನ ತಿಂಗಳು ಅವರೇ ಬೇಗ ಬಂದು ಮುಂದೆ ಕೂರುತ್ತಿದ್ದರು.

ತಿಂಗಳಿಗೊಬ್ಬರಂತೆ ನಮ್ಮಲ್ಲೇ ಒಬ್ಬರನ್ನು ಹಿಡಿದು ಜಾಲಾಡಿಸುವುದು ಅವನ ಕೊನೆಯ ಐಟಂ. ಇದರ ಹಿಂದೊಂದು ಗುಟ್ಟಿತ್ತು. ಒಂದು ಶನಿವಾರ ನಾನು ಮೀನು ಕೊಯ್ಯುತ್ತಿದ್ದಾಗ ಫೋನು ಬಂತು. "ಅಕ್ಕಾರ, ನಾಳೆ ನಿಮ್ಮ ಪಾಳಿ. ಕೇಳಿಸ್ಕೊಳ್ರಿ" ಎಂದು ನನ್ನ ಮೇಲೆ ಬರೆದದ್ದನ್ನು ಒಂದಕ್ಷರ ಬಿಡದೆ ಓದಿದ. ನನ್ನ ಉದ್ಯೋಗ ಸಾಫ್ಟ್‌ವೇರಿನ ಪರೀಕ್ಷೆ, ಅಂದರೆ ಬೇರೆಯವರ ತಪ್ಪು ಹುಡುಕುವುದು. "ಅಕ್ಕಾರು ಆಫೀಸಿನ್ಯಾಗ ಪಗಾರ ತಗೊಂಡು ತಪ್ಪು ಹುಡುಕ್ತಾರ, ಇಲ್ಲಿ ಪುಕ್ಕಟ ಹುಡುಕ್ತಾರ" ಎಂದು ಶುರುವಾಗಿ ನನ್ನ ಅತ್ತೆಯವರೆಗೆ ಹೋಗಿತ್ತು. ಅತ್ತೆ ಬೇಡ ಮಾರಾಯ ಎಂದೆ. "ಆತು, ತಗದೆ. ಯಾರಿಗೂ ಹೇಳಬ್ಯಾಡ್ರಿ, ಹೇಳಿದ್ರ ನಗೂ ಹೋಗ್ತೈತಿ" ಎಂದ. ಮರುದಿನ ನಾನು ಆಗ ತಾನೆ ಕೇಳಿದವಳಂತೆ ಬಾಯಿಗೆ ಸೆರಗು ಒತ್ತಿಕೊಂಡು ಏನು ಆಟ ಆಡಿದೆ ಅಂತೀರಿ. ಎಲ್ಲರಿಗೂ ಬೈಯುವ, ಯಾರಿಗೂ ಹೆದರದ ಬಸು ಹಿಂದಿನ ದಿನ ಫೋನು ಮಾಡಿ ಕೇಳದೆ ಯಾರನ್ನೂ ಮುಟ್ಟುತ್ತಿರಲಿಲ್ಲ. ಬೈಸಿಕೊಂಡವರಿಗೆ ಮಾತ್ರ ಇದು ಗೊತ್ತಿತ್ತು.

ಈಗ ರಾಯರ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಸುತ್ತಿಬಳಸಿದ್ದು ಅದಕ್ಕೇ ಎಂದು ನಿಮಗೆ ಅನ್ನಿಸಿದ್ದರೆ ತಪ್ಪೇನಿಲ್ಲ.

ಮೈಸೂರಿನ ರಾಘವೇಂದ್ರ ರಾಯರು ನಮ್ಮ ಕೂಟದ ಕಾರ್ಯದರ್ಶಿ. ಮೊದಲ ಭಾಷಣ ಯಾವಾಗಲೂ ಅವರದೇ. ವಿಷಯವೂ ಒಂದೇ, ಮನೆಯಲ್ಲಿ ಕನ್ನಡ ಆಡಿ ಎಂಬುದು. ಒಂದು ಸಲ ನಾನು ಏನೋ ಹೇಳುತ್ತ "ನೆಟ್ವರ್ಕ್ ಸಮ ಇಲ್ಲ" ಎಂದೆ. ರಾಯರು ಎಲ್ಲರೆದುರು, "ನೋಡಮ್ಮ, ಸರಿಯಿಲ್ಲ ಅನ್ನಬೇಕು. ಗಡಿಯಲ್ಲಿ ಕನ್ನಡ ಕೆಡುವುದೇ ಹೀಗೆ" ಎಂದರು. ಕಾಸರಗೋಡಿನವಳು ನಾನು. ಮಲಯಾಳದ ಶಾಲೆಗಳ ನಡುವೆ ಜಗಳ ಮಾಡಿ ಕನ್ನಡ ಓದಿದವಳು. ಉರಿದುಹೋಯಿತು.

ಅದರ ಮುಂದಿನ ತಿಂಗಳು ಬಸುವಿಗೆ ಶನಿವಾರ ಎರಡು ಪಾಳಿ ಒಟ್ಟಿಗೆ ಬಿತ್ತು. ಕಾರ್ಖಾನೆಯ ಒಳಗೆ ಮೊಬೈಲು ಬಿಡುವುದಿಲ್ಲ. ಗೇಟಿನ ಹೊರಗಿನಿಂದ ನನಗೆ ಫೋನು ಮಾಡಿದ. "ನಾಳೆ ರಾಯರ ಪಾಳಿ ಅಕ್ಕಾರ. ಬರದದ್ದನ್ನ ಕಳಿಸೀನಿ, ನೀವ ಫೋನ್ ಮಾಡಿ ಓದಿ ಹೇಳ್ರಿ. ಬ್ಯಾಡ ಅಂದ್ರ ಬ್ಯಾಡ." ಆಯಿತು ಎಂದೆ. ಮರೆತೆ ಎಂದು ಬರೆಯಬಹುದಿತ್ತು, ನೀವು ನಂಬುತ್ತಿದ್ದಿರಿ ಕೂಡ. ಮರೆಯಲಿಲ್ಲ. ರಾಯರ ಮುಖ ನೋಡಬೇಕಾಗಿತ್ತು ನನಗೆ. ಬೇಕೆಂದೇ ಫೋನು ಮಾಡಲಿಲ್ಲ.

ಭಾನುವಾರ ಬಸು ನಿದ್ದೆಗಣ್ಣಲ್ಲಿ ಬಂದ. "ಮಾಡಿದ್ರಿ?" ಎಂದ. ಮಾಡಿದೆ ಎಂದೆ. "ಏನಂದ್ರು?" "ನಗಾಡಿದ್ರು ಮಾರಾಯ" ಎಂದೆ. ಅವನ ಮುಖ ಎಷ್ಟು ಹಗುರವಾಯಿತು ಎಂಬುದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

"ರಾಯರ ಮನ್ಯಾಗ ಕನ್ನಡ ಬಲ್ಲವರು ಇಬ್ಬರರಿ. ಒಬ್ಬರು ರಾಯರು, ಇನ್ನೊಂದು ಗ್ವಾಡಿ ಮ್ಯಾಲಿನ ಕ್ಯಾಲೆಂಡರು. ಏಳು ವರ್ಷದ ಮಗಳು ಅಪ್ಪನ ಕೂಡ ಮಲಯಾಳ ಮಾತಾಡ್ತಾಳ. ರಾಯರು ಅಲ್ಲಿಂದ ಓಡಿ ಬಂದು ನಮ್ಮ ಕೂಡ ಕನ್ನಡ ಮಾತಾಡ್ತಾರ. ಹೆತ್ತದ್ದು ಒಂದ, ಸಾಕೂದು ನಲವತ್ತು." ಮಹಡಿ ಹಾರಿಹೋಗುವಷ್ಟು ನಗು. ರಾಯರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಎದ್ದು ಹೊರಗೆ ಹೋದರು. ಅವರ ಮುಖ ನೋಡಲೆಂದು ಕಾದಿದ್ದ ನಾನು ಅದನ್ನು ನೋಡಲಾರದೆ ಹಿಂದೆಯೇ ಹೋದೆ. ಮೆಟ್ಟಿಲಿನ ತಿರುವಿನಲ್ಲಿ ಗೋಡೆ ಹಿಡಿದು ನಿಂತಿದ್ದರು. "ನಾಲ್ಕು ತುಂಬುವವರೆಗೆ ಅವಳು ಮಾತೇ ಆಡಲಿಲ್ಲಮ್ಮ. ಎರಡು ಭಾಷೆ ಬೇಡ, ಒಂದೇ ಇರಲಿ ಅಂದರು ನಮ್ಮ ಡಾಕ್ಟರು. ಶಾಲೆಯದ್ದೇ ಇರಲಿ ಅಂದುಕೊಂಡೆವು. ಅವಳ ಮುಂದೆ ನಾನೂ ನಮ್ಮ ಮನೆಯವಳೂ ಒಂದು ಕನ್ನಡ ಮಾತು ಆಡಿಲ್ಲ" ಎಂದರು. ಫೋನಿನ ವಿಷಯ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮೇಲೆ ಬಂದಾಗ ಬಸು, "ರಾಯರು ಯಾಕ ಎದ್ದು ಹೋದ್ರು?" ಎಂದ. "ಹೊಟ್ಟೆ ಸಮ ಇಲ್ಲ ಅಂತೆ" ಎಂದೆ.

ರಾಯರು ಮತ್ತೆ ಬರಲಿಲ್ಲ. ಮುಂದಿನ ತಿಂಗಳು ಬಸು ಬಂದ, ಉಪ್ಪಿಟ್ಟು ತಿಂದ, ಮಾತಾಡಲು ಏಳಲಿಲ್ಲ. ಎಷ್ಟು ಕೇಳಿದರೂ ಗಂಟಲು ಕಟ್ಟಿದೆ ಎಂದ. ವರ್ಷ ತಿರುಗುವುದರೊಳಗೆ ಕೆಲಸ ಬಿಟ್ಟು ಗದಗಿಗೆ ಹೋದ. ಯಾರೋ ದೂರು ಕೊಟ್ಟು ಅವನ ಬಾಯಿ ಮುಚ್ಚಿಸಿದರು ಎಂದು ಸುದ್ದಿ ಹಬ್ಬಿತು. ನಾನು ಆ ಸುದ್ದಿಯನ್ನು ಅಲ್ಲಗಳೆಯಲಿಲ್ಲ. ಅದು ನನಗೆ ಅನುಕೂಲವಾಗಿತ್ತು. ಹನ್ನೆರಡು ವರ್ಷಗಳಲ್ಲಿ ಅವನೊಡನೆ ಮೂರೋ ನಾಲ್ಕೋ ಸಲ ಮಾತಾಡಿದ್ದೇನೆ. ಯುಗಾದಿ, ದೀಪಾವಳಿ, ಮಳೆ ಬಂತೇ. ಅವನೂ ಕೇಳಲಿಲ್ಲ. ನಾಲ್ಕು ತಿಂಗಳ ಹಿಂದೆ ಎದೆನೋವೆಂದು ಕೂತವನು ಏಳಲಿಲ್ಲವಂತೆ. ನನಗಿಂತ ಎರಡು ವರ್ಷ ಚಿಕ್ಕವನು.

ಕಳೆದ ಭಾನುವಾರ ತಿರುವನಂತಪುರದಲ್ಲಿ ಅವನ ನೆನಪಿಗೊಂದು ಸಭೆ ಇತ್ತು. ನಡೆಸಿದವನು ತೇಜಸ್ ಎಂಬ ಬೆಂಗಳೂರಿನ ಹುಡುಗ, ನಮ್ಮ ಐಟಿ ಪಾರ್ಕಿನವನೇ. ಬಸುವನ್ನು ಕಂಡವನಲ್ಲ. ಯಾರೋ ಕಳಿಸಿದ ಹಳೆಯ ಧ್ವನಿಮುದ್ರಣ ಕೇಳಿ ಹುಚ್ಚು ಹಿಡಿಸಿಕೊಂಡು, ಬಸುವಿನ ನಂಬರು ಹುಡುಕಿ, ಅವನಿಂದಲೇ ಉಳಿದವನ್ನೂ ತರಿಸಿಕೊಂಡಿದ್ದ. ಇಪ್ಪತ್ತು ಇಪ್ಪತ್ತೈದು ಜನ, ಎಲ್ಲ ಮಕ್ಕಳು. ಬಸುವನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ ಎಂದು ಮೊದಲ ಸಾಲಿನಲ್ಲಿ ಕೂರಿಸಿದರು. ಎಲ್ಲರೂ ಹೆಸರು ಹೇಳುತ್ತ ಬಂದರು. ಕೊನೆಯ ಸಾಲಿನ ಕಾಲೇಜು ಹುಡುಗಿ ಎದ್ದು, "ಮೈಥಿಲಿ ರಾವ್, ಎರ್ನಾಕುಲಂ" ಎಂದಷ್ಟೇ ಹೇಳಿ ಕೂತಳು. ತಿರುಗಿ ನೋಡಿದೆ. ರಾಯರದೇ ಹಣೆ, ರಾಯರದೇ ಮೂಗು. ಕೈಯಲ್ಲಿದ್ದ ಕಾರ್ಯಕ್ರಮದ ಹಾಳೆಯ ಕಡೆಯ ಸಾಲು ಓದಿದೆ. "ಇದುವರೆಗೆ ಯಾರೂ ಕೇಳದ ಬಸು: ರಾಯರು." ಏಸಿ ಹಾಕಿದ್ದರೂ ಬೆವರು ಕಿತ್ತುಕೊಂಡು ಬಂತು.

ಚರ್ಚೆ ಶುರುವಾಯಿತು. ಒಬ್ಬಳು, ಅವರು ಕೆಲವು ಸಲ ಮಿತಿ ಮೀರುತ್ತಿದ್ದರು ಎಂದಳು. ತೇಜಸ್ ಒಪ್ಪಲಿಲ್ಲ. "ಅದೇ ಅವ್ರ ತಾಕತ್ತು ಕಣ್ರೀ. ಯಾರ ಪರ್ಮಿಶನ್ನೂ ಕೇಳ್ತಿರ್ಲಿಲ್ಲ. ಕೇಳ್ಕೊಂಡು ಮಾಡಿದ್ರೆ ಅದೆಂಥ ಕಾಮಿಡಿ?" ಚಪ್ಪಾಳೆ ಬಿತ್ತು. ಅವನು ಕಡೆಯ ಐಟಮ್ಮಿಗೆಂದು ಲ್ಯಾಪ್‌ಟಾಪಿನ ಕಡೆ ಹೊರಟ. ಆ ಹುಡುಗಿ ಹಿಂದೆ ಕೂತಿದ್ದಾಳೆ. ಇನ್ನು ಎರಡು ನಿಮಿಷದಲ್ಲಿ ಇಪ್ಪತ್ತೈದು ಜನ ಅವಳಪ್ಪನ ಮೇಲಿನ ಮಾತು ಕೇಳಿ ಮತ್ತೆ ನಗುತ್ತಾರೆ, ಎರಡನೆಯ ಸಲವೂ ನಾನು ಕಣ್ಣುಬಿಟ್ಟು ನೋಡುತ್ತ ಕೂತಿರುತ್ತೇನೆ.

"ಅದನ್ನು ಹಾಕಬೇಡ" ಎಂದು ಎದ್ದೆ. ನಿಂತಲ್ಲೇ ಎಲ್ಲ ಹೇಳಿದೆ. ಶನಿವಾರದ ಫೋನು, ಸಮ ಇಲ್ಲ ಎಂದದ್ದು, ನಗಾಡಿದ್ರು ಎಂದದ್ದು, ಮೆಟ್ಟಿಲು. ಯಾರೂ ಅವನ ಬಾಯಿ ಮುಚ್ಚಿಸಲಿಲ್ಲ, ಮುಚ್ಚಿಸಿದವಳು ನಾನು ಎಂದೆ. "ಎಲ್ರನ್ನೂ ಮೊದ್ಲೇ ಕೇಳ್ತಿದ್ರಾ ಮೇಡಂ?" ಎಂದ ತೇಜಸ್. ದೇವರ ಹಿಂದಿನ ಗೋಡೆ ಬಿರುಕು ಬಿಟ್ಟದ್ದು ಕಂಡವನ ಮುಖವಾಗಿತ್ತು ಅವನದು. ಲ್ಯಾಪ್‌ಟಾಪು ಮುಚ್ಚಿ ಮೆಲ್ಲಗೆ, "ಇದೊಂದನ್ನ ಯಾರ ಮುಂದೇನೂ ಹಾಕ್ಬೇಡ, ಒಂದು ಫೋನ್ ಬಾಕಿ ಇದೆ ಅಂತ ಬಸು ಅವ್ರೇ ಅಂದಿದ್ರು. ನಂಗೆ ಅರ್ಥ ಆಗಿರ್ಲಿಲ್ಲ. ತೀರ್ಕೊಂಡ್ರಲ್ಲಾಂತ..." ಎಂದು ನಿಲ್ಲಿಸಿದ.

ಆಗ ಹಿಂದಿನಿಂದ ದನಿ ಬಂತು. "ಅಕ್ಕಾರ, ನೀವು ಮೊದಲ ಕುಂದರ್ರಿ. ಭಾಳ ಬೆವರಾಕತ್ತೀರಿ."

ಮೈಸೂರಿನ ರಾಯರ ಮಗಳು, ಎರ್ನಾಕುಲಂನಲ್ಲಿ ಹುಟ್ಟಿದವಳು. ಅವಳ ಬಾಯಲ್ಲಿ ಗದಗ. ಕೂತೆ.

"ಬಸು ಅಂಕಲ್ ಆ ವಾರಾನ ನಮ್ಮನಿಗೆ ಬಂದಿದ್ರಂತ್ರಿ. ಅಚ್ಛಗ, ಅಂದ್ರ ನಮ್ಮಪ್ಪಗ, ಫೋನ್ ಬಂದಿದ್ದಿಲ್ಲ ಅಂತ ಆಗ ಗೊತ್ತಾತು. 'ಮಾಡೂದು ಮರ್ತೆ ರಾಯರ, ತಪ್ಪು ನಂದ' ಅಂದ್ರಂತ. ನಿಮ್ಮ ಹೆಸರು ತಗೀಲಿಲ್ಲ. ನನಗ ಹನ್ನೊಂದು ತುಂಬಿದ ಮ್ಯಾಲೆ ಡಾಕ್ಟರು, ಇನ್ನ ಯಾವ ಭಾಷಾ ಬೇಕಾದ್ರೂ ಕಲೀಲಿ ಅಂದ್ರು. ಅವತ್ತಿಂದ ಗದಗಿನಿಂದ ಶನಿವಾರಕ್ಕೊಂದು ಫೋನು, ಒಂದು ಜೋಕು. ನಾ ನಕ್ಕರ ಪಾಸು. ನಗಲಿಲ್ಲಂದ್ರ ಮತ್ತ ಮೊದಲಿಂದ ಹೇಳೋರು. ಎಂಟು ವರ್ಷ, ಒಂದ ಶನಿವಾರಾನೂ ತಪ್ಪಿಸಲಿಲ್ರಿ."

ನಾನು ಅತ್ತುಬಿಟ್ಟೆ. ಅವನ ಮಾತು ನಿಲ್ಲಿಸಿದವಳು ನಾನು ಎಂದು ಹನ್ನೆರಡು ವರ್ಷ ಎದೆ ಮೇಲೆ ಹೊತ್ತುಕೊಂಡಿದ್ದೆ. ಅದರಲ್ಲಿ ಗುಟ್ಟಾಗಿ ಒಂದಿಷ್ಟು ಹಮ್ಮೂ ಇತ್ತೇನೋ, ಈಗ ಅನ್ನಿಸುತ್ತದೆ. ಅವನು ನನ್ನ ಸುಳ್ಳನ್ನು ತನ್ನ ಮರೆವೆಂದು ಒಪ್ಪಿಕೊಂಡು ತನ್ನ ಪಾಡಿಗೆ ಕೆಲಸ ಮುಂದುವರಿಸಿದ್ದ. ಕೇಳುವವರು ನಲವತ್ತರಿಂದ ಒಬ್ಬಳಿಗೆ ಇಳಿದಿದ್ದರು, ಅಷ್ಟೇ.

"ಆ ಜೋಕು ಬಸು ಅಂಕಲ್ ನನಗ ಓದಿ ಹೇಳ್ಯಾರ್ರಿ. ನಂದು ಹೂಂ ಐತಿ. ಅಚ್ಛನ್ನ ಮಾತ್ರ ನೀವ ಕೇಳ್ರಿ" ಎಂದು ಮೈಥಿಲಿ ಸಾಲು ದಾಟಿ ಬಂದು ತನ್ನ ಫೋನನ್ನು ನನ್ನ ಕೈಗಿಟ್ಟಳು. ಆಗಲೇ ರಿಂಗಾಗುತ್ತಿತ್ತು. ವರಾಂಡಕ್ಕೆ ಬಂದೆ.

"ಎಂತಾ ಮೋಳೇ?" ಎಂದರು ರಾಯರು, ಏನು ಮಗಳೇ ಎಂದು. ಮೈಥಿಲಿಯೇ ಎಂದುಕೊಂಡಿದ್ದರು. ನನ್ನ ಹೆಸರು ಹೇಳಿದೆ. "ಕಾಸರಗೋಡಿನವರಲ್ಲವೇ" ಎಂದರು. ಹೌದು ರಾಯರೇ, ಒಂದು ಶನಿವಾರ ನಿಮಗೆ ಫೋನು ಮಾಡಬೇಕಿತ್ತು, ಬೇಕೆಂದೇ ಮಾಡಲಿಲ್ಲ, ಬಸುವಿನದು ತಪ್ಪಿರಲಿಲ್ಲ, ಈಗ ಓದಲೇ ಎಂದೆ. ಕೆಳಗೆ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು. "ಓದಮ್ಮ" ಎಂದರು. ಬಾಯಿಪಾಠವಾಗಿತ್ತು ನನಗೆ. ಒಂದಕ್ಷರ ಬಿಡದೆ ಹೇಳಿದೆ. ಹಾಕಬಹುದೇ ಎಂದು ಕೇಳಿದೆ.

"ಹಾಕಲಿ. ಮಗಳ ಮಾತು ಇರಲಿ, ನಲವತ್ತರ ಮಾತೂ ಇರಲಿ. ಆ ಕ್ಯಾಲೆಂಡರ್ ಮಾತ್ರ ತೆಗೆಸಿಬಿಡಿ" ಎಂದರು. ಅಷ್ಟು ನೋವಾಗಿತ್ತೇ ಎಂದು ಕೇಳುವಷ್ಟರಲ್ಲಿ ಅವರ ದನಿ ನಗುವಿನಲ್ಲಿ ನಡುಗಿತು. "ಸುಳ್ಳಮ್ಮ ಅದು. ಆ ವರ್ಷ ನಮ್ಮ ಮನೆಯ ಕ್ಯಾಲೆಂಡರೂ ಮಲಯಾಳದ್ದೇ."