ಹಲೀನಾ ಮನೆಗೆ ಹೋದ ಕುಂಬಳಕಾಯಿ

ಮಸ್ಕತ್ತಿನ ಅಂಚಿನ ಸೀಬ್‌ನ ಆ ಬೀದಿಯಲ್ಲಿ ಕಾಂತಾಮಣಿಯವರ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಬೇರೆ ವಿಲ್ಲಾಗಳ ಅಂಗಳದಲ್ಲಿ ಕಾರು ನಿಂತಿದ್ದರೆ ಇವರ ಅಂಗಳದಲ್ಲಿ ಬದನೆ, ಬೆಂಡೆ, ದಂಟಿನ ಸೊಪ್ಪು ನಿಂತಿರುತ್ತವೆ. ಕಾರು ಪಾಪ, ಬೀದಿಯ ಬಿಸಿಲಿನಲ್ಲಿ. ಗಂಡ ದೊರೆಸ್ವಾಮಿಯವರಿಗೆ ಇದರ ಬಗ್ಗೆ ಮೊದಮೊದಲು ಸಿಟ್ಟಿತ್ತು, ಆಮೇಲೆ ಬರಿಯ ಗೊಣಗಾಟವಾಯಿತು, ಈಗ ಕೊತ್ತಂಬರಿ ಸೊಪ್ಪು ಕೊಂಡು ತರುವ ಕೆಲಸ ತಪ್ಪಿತಲ್ಲ ಎಂಬ ನೆಮ್ಮದಿಯಿದೆ.

ಬನ್ನೂರಿನ ಕಡೆಯ ಗದ್ದೆ ಮನೆಯಲ್ಲಿ ಬೆಳೆದ ಕಾಂತಾಮಣಿ ಮದುವೆಯಾಗಿ ಮಸ್ಕತ್ತಿಗೆ ಬಂದಾಗ ಸಿಕ್ಕಿದ್ದು ಅಲ್ ಖುವೈರ್‌ನ ಒಂದು ಫ್ಲ್ಯಾಟು, ಕಿಟಕಿ ತೆರೆದರೆ ಹೈವೇ. ಅಲ್ಲಿ ಎಣ್ಣೆ ಡಬ್ಬಿಯಲ್ಲಿ ಕರಿಬೇವು ಬೆಳೆಸಿಕೊಂಡೇ ಮಗ ಕಿಶನ್‌ನನ್ನು ದೊಡ್ಡವನನ್ನಾಗಿ ಮಾಡಿದರು. ಸೀಬ್‌ಗೆ ಮನೆ ಬದಲಾಯಿಸಿದ ದಿನವೇ ಮನೆಯ ಮಾಲೀಕನ ಬಳಿ ಹೋಗಿ, ಅಂಗಳಕ್ಕೆ ಹಾಸಿದ ಸಿಮೆಂಟು ಹಲಗೆಗಳನ್ನು ಕೀಳಿಸಿಕೊಡಿ ಎಂದರು. ಆ ಒಮಾನಿ ಮುದುಕ ತಮಾಷೆ ಎಂದುಕೊಂಡು ನಕ್ಕ. ಮೊದಲ ಬದನೆಕಾಯಿ ಅವನ ಮನೆಗೆ ಹೋದ ಮೇಲೆ ನಗು ನಿಲ್ಲಿಸಿ ವರ್ಷವರ್ಷವೂ ಖರ್ಜೂರ ಕಳಿಸತೊಡಗಿದ. ಬರ್ಕಾದಿಂದ ಆಡಿನ ಗೊಬ್ಬರ ತಂದು ಹಾಕುವ ಪಿಕಪ್ ಚಾಲಕ ಮೊಯ್ದೀನ್ ಮಾತ್ರ ಇವತ್ತಿಗೂ, "ಅಕ್ಕಾ, ನಾಲ್ಕು ಗಿಡಕ್ಕೆ ಇಷ್ಟು ಗೊಬ್ಬರವಾ?" ಎಂದು ಕೇಳುತ್ತಾನೆ.

ಜನರನ್ನು ತೂಗಲು ಕಾಂತಾಮಣಿಯವರ ಬಳಿ ಇರುವುದು ಒಂದೇ ತಕ್ಕಡಿ: ಮಣ್ಣು ಮುಟ್ಟುತ್ತಾರೋ ಇಲ್ಲವೋ. ಅದರಲ್ಲಿ ಸ್ವಂತ ಗಂಡನೇ ಪಾಸಾಗಿಲ್ಲ. ಉಕ್ರೇನಿನವರನ್ನಂತೂ ಅವರು ತೂಗಲು ಹೋಗದೆಯೇ ತಳ್ಳಿಹಾಕಿದ್ದರು. ಆ ದೇಶದ ಬಗ್ಗೆ ಅವರಿಗೆ ಗೊತ್ತಿದ್ದುದೆಲ್ಲ ಟಿವಿಯಲ್ಲಿ ಕಂಡದ್ದು. ನೆಲದಡಿಯ ರೈಲು ನಿಲ್ದಾಣದಲ್ಲಿ ಕಂಬಳಿ ಹೊದ್ದು ಕೂತ ಜನ, ಒಡೆದ ಕಿಟಕಿ, ಹಿಮ. ಪಕ್ಕದ ವಿಲ್ಲಾದ ಎರಡು ಕೋಣೆಗೆ ಉಕ್ರೇನಿನ ಹುಡುಗಿಯೊಬ್ಬಳು ತಾಯಿಯನ್ನು ಕರೆದುಕೊಂಡು ಬಾಡಿಗೆಗೆ ಬಂದಾಗ, "ಪಾಪ, ಯುದ್ಧದಿಂದ ಬಂದೋರು" ಎಂದು ಒಂದು ಪಾತ್ರೆ ಬಿಸಿಬೇಳೆ ಭಾತ್ ಕೊಟ್ಟು ಬಂದರು.

ಆ 'ಪಾಪ' ಎಂಬುದನ್ನು ತಾಯಿ ಹಲೀನಾ ಇವರ ಮುಖದಲ್ಲೇ ಓದಿಕೊಂಡಿರಬೇಕು. ನಗಲಿಲ್ಲ. ಪಾತ್ರೆ ತೆಗೆದುಕೊಂಡು ಬಾಗಿಲು ಹಾಕಿದಳು. "ಏನ್ ಬಿಗುಮಾನ ಕಣ್ರೀ ಆ ಯಮ್ಮಂಗೆ! ಒಂದು ನಗು ಬೇಡ್ವಾ?" ಎಂದು ಕಾಂತಾಮಣಿ ಮನೆಯಲ್ಲಿ ಹಾರಾಡಿದರು. ಮರುದಿನ ಬೆಳಿಗ್ಗೆ ಅದೇ ಪಾತ್ರೆ ತೊಳೆದು ಫಳಫಳ ಹೊಳೆಯುತ್ತ ವಾಪಸ್ ಬಂತು. ಬರಿದಾಗಿ ಬರಲಿಲ್ಲ. ಒಳಗೆ ಆಲೂಗಡ್ಡೆ ತುಂಬಿದ ಕಡುಬುಗಳಿದ್ದವು, ಮೇಲೆ ಹುರಿದ ಈರುಳ್ಳಿ. ಇವರು ಮಾಂಸ ತಿನ್ನುವುದಿಲ್ಲ ಎಂಬುದನ್ನು ಆ ಹೆಂಗಸು ಮಗಳ ಕೈಲಿ ಬೀದಿಯಲ್ಲಿ ಯಾರನ್ನೋ ಕೇಳಿಸಿ ತಿಳಿದುಕೊಂಡಿದ್ದಳು. ಬರಿ ಪಾತ್ರೆ ಹಿಂದಿರುಗಿಸಬಾರದು ಎಂಬ ತಿಳಿವಳಿಕೆ ಹಿಮದ ದೇಶದಲ್ಲೂ ಇದೆಯೆಂದರೆ ಕಾಂತಾಮಣಿಗೆ ನಂಬಲಾಗಲಿಲ್ಲ.

ಅಲ್ಲಿಂದ ಶುರುವಾಯಿತು. ಹಲೀನಾಗೆ ಇಂಗ್ಲಿಷ್ ಬಾರದು, ಇವರಿಗೆ ಅವಳ ಭಾಷೆ ಬಾರದು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಧಾರಾಳವಾಗಿ ಮಾತಾಡಿಕೊಂಡು ಅಂಗಳದಲ್ಲಿ ಕಳೆ ಕೀಳುತ್ತಿದ್ದರು. ಪೊಲ್ತಾವಾ ಎಂಬ ಕಡೆಯ ಹಳ್ಳಿಯವಳು ಹಲೀನಾ. ಅಲ್ಲಿಯ ಹೊಲದ ಫೋಟೋ ತೋರಿಸಿದಾಗ ಮಣ್ಣಿನ ಕಪ್ಪು ನೋಡಿ ಕಾಂತಾಮಣಿ, "ಅಯ್ಯೋ, ಇದು ನಮ್ಮ ಎರೆಮಣ್ಣು ಕಣೇ! ಇದನ್ನ ಬಿಟ್ಟು ಹೆಂಗ್ ಬಂದ್ಯೇ ತಾಯಿ?" ಎಂದು ಕಣ್ಣೀರು ಹಾಕಿದರು. ಹಲೀನಾ ಅಳಲಿಲ್ಲ. ಆ ಜನ ಎಲ್ಲರೆದುರು ಅಳುವುದಿಲ್ಲ, ಸುಮ್ಮಸುಮ್ಮನೆ ನಗುವುದೂ ಇಲ್ಲ, ಎರಡನ್ನೂ ಬೇಕಾದವರಿಗೆಂದು ಇಟ್ಟುಕೊಂಡಿರುತ್ತಾರೆ ಎಂಬುದು ಆ ಹೊತ್ತಿಗೆ ಕಾಂತಾಮಣಿಗೆ ಅರ್ಥವಾಗಿತ್ತು. ಒಂದು ದಿನ ಇವರು ಬಾಗಿಲ ಹೊರಗೆ ನಿಂತೇ ಸೊಪ್ಪಿನ ಕಟ್ಟು ಚಾಚಿದರೆ ಹಲೀನಾ ತಲೆಯಾಡಿಸಿ, ಕೈಹಿಡಿದು ಹೊಸ್ತಿಲ ಒಳಗೆ ಎಳೆದುಕೊಂಡು ಆಮೇಲೆ ತೆಗೆದುಕೊಂಡಳು. ಹೊಸ್ತಿಲ ಮೇಲೆ ಕೊಡುಕೊಳ್ಳುವಂತಿಲ್ಲ! ಅವತ್ತು ಮನೆಗೆ ಬಂದವರೇ ಗಂಡನಿಗೆ ತೀರ್ಪು ಹೇಳಿಬಿಟ್ಟರು: "ನೋಡ್ರೀ, ಬಣ್ಣ ಒಂದು ಬೇರೆ ಅಷ್ಟೇ. ಮಿಕ್ಕಿದ್ದೆಲ್ಲಾ ನಮ್ಮ ಥರಾನೇ."

ಮುಂದಿನ ಎಡವಟ್ಟಿಗೆಲ್ಲ ಈ ತೀರ್ಪೇ ಕಾರಣ. ಗೊತ್ತಿಲ್ಲ ಎಂದು ಗೊತ್ತಿರುವವರು ಕೇಳಿಕೊಂಡು ಹೆಜ್ಜೆ ಇಡುತ್ತಾರೆ. ಕಾಂತಾಮಣಿ ಎಲ್ಲ ಗೊತ್ತಾಯಿತೆಂದು ತಿಳಿದಿದ್ದರು.

ಅಮ್ಮಂದಿರು ಕಳೆ ಕೀಳುವಾಗ ಮಕ್ಕಳು ಸುಮ್ಮನೆ ಕೂತಿರಲಿಲ್ಲ. ಹಲೀನಾಳ ಮಗಳು ಸೊಲೊಮಿಯಾ, ಕಾಂತಾಮಣಿಯವರ ಬಾಯಲ್ಲಿ 'ಸೋಮಿ', ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಇವರ ಮೊಣಕಾಲಿಗೆ ವ್ಯಾಯಾಮ ಹೇಳಿಕೊಡಲು ಬಂದುಹೋಗುತ್ತಿದ್ದಳು. ಅವಳು ಬರುವ ಸಂಜೆಗಳಲ್ಲೇ ಕಿಶನ್ ಆಫೀಸಿನಿಂದ ಬೇಗ ಬರುವುದನ್ನು ದೊರೆಸ್ವಾಮಿ ಗಮನಿಸಿದರು, ಕಾಂತಾಮಣಿ ಗಮನಿಸಲಿಲ್ಲ. ಅವರು ಬದನೆಗೆ ಬಿದ್ದ ಹುಳುವಿನ ಚಿಂತೆಯಲ್ಲಿದ್ದರು.

ಮದುವೆಯಾದರೆ ಅವಳನ್ನೇ ಎಂದು ಕಿಶನ್ ಹೇಳಿದ ದಿನ ಅವರು ಊಟ ಬಿಟ್ಟರು. ಗೆಳತಿಯ ಮಗಳಾಗಿ ಒಪ್ಪಿದವಳನ್ನು ಸೊಸೆಯಾಗಿ ಒಪ್ಪಲು ವಾರಗಟ್ಟಲೆ ಹಿಡಿಯಿತು. ಮೈಸೂರಿನ ನಾದಿನಿ ಫೋನಿನಲ್ಲಿ, "ಅಲ್ಲಾ ಅತ್ತಿಗೆ, ಊರಿಲ್ಲ ಕೇರಿಯಿಲ್ಲದೋರ ಮನೆ ಹುಡುಗಿ" ಎಂದು ರಾಗ ಎಳೆದಾಗ ಮಾತ್ರ ಒಳಗೆ ಏನೋ ಕಿಡಿಯಾಯಿತು. "ಊರಿಲ್ಲ ಅಂದ್ರೇನು? ಅವರೂರು ನಾನು ನೋಡಿದೀನಿ. ನಿಮ್ಮೂರಿಗಿಂತ ಚೆನ್ನಾಗಿದೆ" ಎಂದು ಫೋನಿಟ್ಟರು. ನೋಡಿದ್ದು ಒಂದು ಫೋಟೋ. ಆದರೂ ಆ ಮಾತು ಬಾಯಿಂದ ಬಂದ ಕ್ಷಣದಲ್ಲೇ ಅವರ ಒಪ್ಪಿಗೆಯೂ ಬಂದುಬಿಟ್ಟಿತ್ತು.

ಹಲೀನಾ ಈ ವಿಷಯದಲ್ಲಿ ಒಂದು ಮಾತೂ ಆಡಿರಲಿಲ್ಲ. ಗಂಡನಿಲ್ಲ, ಹಳ್ಳಿಯ ಮನೆಗೆ ಚಾವಣಿಯಿಲ್ಲ. ಇಂಥ ಮನೆಯಿಂದ ಹೆಣ್ಣು ತರಲು ಯಾರು ತಾನೇ ಬರುತ್ತಾರೆ ಎಂಬ ಅಳುಕು ಅವಳಿಗಿದೆಯೆಂದು ಸೋಮಿ ಕಿಶನ್‌ಗೆ ಹೇಳಿದ್ದಳು. ಗಂಡಿನ ತಾಯಿ ತಾನಾಗಿ ಬರಲಿ ಎಂದು ಅವಳು ಕಾಯುತ್ತಿದ್ದಳು.

ಸಂಕ್ರಾಂತಿ ಬಂತು. ಕಾಂತಾಮಣಿ ಬಳ್ಳಿಯಲ್ಲಿದ್ದ ಕುಂಬಳಕಾಯಿಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಕೊಯ್ದರು. ಅವರ ತವರಿನಲ್ಲಿ ಇಡೀ ಕುಂಬಳಕಾಯಿ ಕೊಡುವುದೆಂದರೆ ಮನೆಯನ್ನೇ ತುಂಬಿಕೊಟ್ಟಂತೆ, ಸಂಬಂಧ ಬೆಳೆಸುವ ಮನೆಗಲ್ಲದೆ ಬೇರೆಯವರಿಗೆ ಕೊಡುತ್ತಿರಲಿಲ್ಲ. ಅದನ್ನು ತೊಳೆದು, ಒರೆಸಿ, ಅರಿಸಿನ ಕುಂಕುಮ ಹಚ್ಚಿದರು. ತಾವು ರೇಷ್ಮೆ ಸೀರೆ ಉಟ್ಟರು. ದೊರೆಸ್ವಾಮಿಯವರಿಗೆ ಪಂಚೆ ಉಡಿಸಿ, ಕಾಯನ್ನು ಅವರ ಕೈಯಲ್ಲಿ ಹೊರಿಸಿಕೊಂಡು ಪಕ್ಕದ ಮನೆಗೆ ಹೊರಟರು.

"ಒಂದು ಡಬ್ಬ ಸ್ವೀಟ್ ಸಾಲದಿತ್ತೇನೇ?" ಎಂದು ದೊರೆಸ್ವಾಮಿ ಏದುಸಿರು ಬಿಟ್ಟರು.

"ಸುಮ್ನಿರಿ. ಸ್ವೀಟು ಯಾರು ಬೇಕಾದ್ರೂ ಕೊಡ್ತಾರೆ. ಇದು ನಾನು ಬೆಳೆದಿದ್ದು. ಅವರಿಗೆ ಅರ್ಥವಾಗುತ್ತೆ."

ಸೋಮಿ ಡ್ಯೂಟಿಯಲ್ಲಿದ್ದಳು. ಹಲೀನಾ ಬಾಗಿಲು ತೆರೆದಳು. ಸೀರೆ ನೋಡಿ, ಪಂಚೆ ನೋಡಿ, ಇವರು ಯಾತಕ್ಕೆ ಬಂದಿದ್ದಾರೆಂದು ಹೊಳೆದು ಅವಳ ಮುಖ ಅರಳಿತು. ಕಾಂತಾಮಣಿ ಮರೆಯದೆ ಹೊಸ್ತಿಲು ದಾಟಿ ಒಳಗೆ ಹೋಗಿ, ಗಂಡನ ಕೈಯಿಂದ ಕುಂಬಳಕಾಯಿ ತೆಗೆದುಕೊಂಡು ಎರಡೂ ಕೈಗಳಿಂದ ಅವಳ ಮುಂದೆ ಹಿಡಿದರು.

ಹಲೀನಾ ಕಾಯನ್ನು ನೋಡಿದಳು. ಆಮೇಲೆ ಇವರ ಮುಖ ನೋಡಿದಳು. ಅರಳಿದ ಮುಖ ಬಿಳಿಚಿಕೊಂಡಿತು. ಕಾಯನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟು, ಚಹಾ ಮಾಡಿ ಕೊಟ್ಟಳು. ಗಂಡಹೆಂಡಿರು ಕುಡಿಯುವವರೆಗೆ ಎದ್ದು ನಿಂತೇ ಇದ್ದಳು.

"ಸಂತೋಷಕ್ಕೆ ಮಾತೇ ಹೊರಡಲಿಲ್ಲ ಪಾಪ" ಎಂದು ಕಾಂತಾಮಣಿ ದಾರಿಯಲ್ಲಿ ಹೇಳಿದರು.

ಮರುದಿನ ಹಲೀನಾ ಕಳೆ ಕೀಳಲು ಬರಲಿಲ್ಲ. ಅದರ ಮರುದಿನವೂ ಇಲ್ಲ. ಇವರು ಗೋಡೆಯಾಚೆಗೆ ಕೂಗಿದರೆ ಒಳಗೆ ನಲ್ಲಿ ಹರಿಯುವ ಸದ್ದು ಕೇಳಿತು, ಉತ್ತರ ಬರಲಿಲ್ಲ. ಒಂದು ವಾರವಾದ ಮೇಲೆ ಶುಕ್ರವಾರದ ಬೆಳಿಗ್ಗೆ ಕಿಶನ್ ಅಡಿಗೆಮನೆಗೆ ಬಂದು ನಿಂತ.

"ಅಮ್ಮಾ, ಅವರಮ್ಮ ಪೋಲೆಂಡಿಗೆ ತಂಗಿ ಹತ್ರ ಹೋಗೋಣ ಅಂತಿದಾರಂತೆ. ಸೋಮೀನೂ ಕರ್ಕೊಂಡು. ನೀನು ಕುಂಬಳಕಾಯಿ ಕೊಟ್ಯಾ?"

"ಹೂಂ ಕಣೋ. ಎಂಥಾ ಕಾಯಿ ಅಂತೀಯ!"

ಕಿಶನ್ ತಲೆಯ ಮೇಲೆ ಕೈ ಹೊತ್ತು ಕೂತ. ಸೋಮಿಗೆ ತಾಯಿ ವಾರವಿಡೀ ಬಾಯಿ ಬಿಟ್ಟಿರಲಿಲ್ಲ, ಹಿಂದಿನ ಸಂಜೆ ಹೇಳಿದ್ದಳು. ಅವರ ಕಡೆ ಹೆಣ್ಣು ಕೇಳಲು ಬಂದವರಿಗೆ ಕೊಡಲು ಇಷ್ಟವಿಲ್ಲದಿದ್ದರೆ ಹೆಣ್ಣಿನ ಮನೆಯವರು ಬಾಯಿಬಿಟ್ಟು ಬೇಡ ಎನ್ನುವುದಿಲ್ಲ, ಕೈಗೆ ಒಂದು ಕುಂಬಳಕಾಯಿ ಕೊಟ್ಟು ಕಳಿಸುತ್ತಾರೆ. ಹೊತ್ತುಕೊಂಡು ಹೋಗುವವನನ್ನು ಊರೆಲ್ಲ ನೋಡುತ್ತದೆ. ಆದರೆ ಗಂಡಿನ ತಾಯಿಯೇ ರೇಷ್ಮೆ ಉಟ್ಟು, ಗಂಡನನ್ನು ಜೊತೆಗೆ ಕರೆತಂದು, ಹೆಣ್ಣಿನ ಮನೆಗೇ ಕುಂಬಳಕಾಯಿ ತಂದುಕೊಡುವುದನ್ನು ಪೊಲ್ತಾವಾದಲ್ಲಿ ಯಾರೂ ಕೇಳಿರಲಿಲ್ಲ.

"ನಮಗೆ ಗೊತ್ತಿರಲ್ಲ ಅಂತ ಸೋಮಿ ಹೇಳಿದ್ಳಂತೆ. ಅವರಮ್ಮ ಒಪ್ತಾ ಇಲ್ಲ. 'ಹೊಸ್ತಿಲು ಗೊತ್ತು, ಬರಿ ಪಾತ್ರೆ ಕೊಡಬಾರದು ಅಂತ ಗೊತ್ತು, ಅವಳಿಗೆ ಇದು ಗೊತ್ತಿರಲ್ವಾ' ಅಂತಾರಂತೆ."

'ನಮ್ಮ ಥರಾನೇ' ಎಂಬ ತಮ್ಮ ತೀರ್ಪೇ ಗೋಡೆಯಾಚೆಯಿಂದ ತಿರುಗಿ ಬಂದಿತ್ತು. ಕಾಂತಾಮಣಿ ಒಲೆ ಆರಿಸಿದರು. ಮಗನ ಮದುವೆಯ ಚಿಂತೆಯಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ಎಲ್ಲವನ್ನೂ ಬಿಟ್ಟು ಬಂದ ಹೆಂಗಸಿಗೆ ತಾವು ಶೃಂಗಾರ ಮಾಡಿಕೊಂಡು ಹೋಗಿ ಅವಮಾನ ಮಾಡಿ ಬಂದೆವಲ್ಲ, ಮೇಲೆ ಚಹಾ ಬೇರೆ ಕುಡಿದೆವಲ್ಲ ಎಂದು ಎದೆ ಉರಿಯಿತು.

"ತಪ್ಪಾಯ್ತು ಅಂತ ಫೋನ್ ಮಾಡು, ಖಲಾಸ್" ಎಂದರು ದೊರೆಸ್ವಾಮಿ.

"ಫೋನಲ್ಲಿ ಹೇಳೋ ಮಾತಾ ಇದು?"

ಏನು ಮಾಡಬೇಕೆಂದು ಅವರಿಗೆ ತಿಳಿದಿತ್ತು, ತಿಳಿದದ್ದಕ್ಕೇ ಕಾಲು ಏಳುತ್ತಿರಲಿಲ್ಲ. ಕೊಟ್ಟದ್ದನ್ನು ವಾಪಸ್ ಕೇಳುವುದಕ್ಕಿಂತ ಕೀಳು ಕೆಲಸ ಅವರ ತವರಿನಲ್ಲಿ ಇರಲಿಲ್ಲ. ಜಗಳವಾಡಿ ಮಾತು ಬಿಟ್ಟ ಓರಗಿತ್ತಿಯಿಂದಲೂ ಒಂದು ಸೌಟು ಮರಳಿ ಕೇಳದ ಜನ. ಈಗ ತಾವೇ, ಕುಂಕುಮ ಹಚ್ಚಿ ಕೊಟ್ಟ ಕಾಯನ್ನು ಕೇಳಲು ಹೋಗಬೇಕು. ಮನೆಯಲ್ಲಿ ಉಡುವ ಸೀರೆಯಲ್ಲೇ, ಒಬ್ಬರೇ ಹೊರಟರು.

ಸೋಮಿ ಬಾಗಿಲು ತೆಗೆದಳು. ಹಲೀನಾ ಒಳಗೆ ಒಲೆಯ ಮುಂದಿದ್ದಳು, ತಿರುಗಿ ನೋಡಲಿಲ್ಲ.

"ಸೋಮಿ, ನಿಮ್ಮಮ್ಮಂಗೆ ಹೇಳು. ನನ್ನ ಕುಂಬಳಕಾಯಿ ನಂಗೆ ವಾಪಸ್ ಬೇಕು" ಎಂದು ಕಾಂತಾಮಣಿ ತಮ್ಮ ಇಂಗ್ಲಿಷಿನಲ್ಲಿ ಹೇಳಿದರು. "ಹಿಂಗೆ ಕೇಳೋದು ನಮ್ಮಲ್ಲಿ ಭಾಳ ನಾಚಿಕೆಗೇಡು ಅಂತಾನೂ ಹೇಳು. ಹುಟ್ಟಿದಾಗಿಂದ ಯಾರ ಹತ್ರಾನೂ ಕೇಳಿಲ್ಲ. ಇವರ ಹತ್ರ ಕೇಳ್ತಾ ಇದೀನಿ."

ಸೋಮಿ ಹೇಳಿದಳು. ಅಷ್ಟು ಹೇಳಲು ಅವಳಿಗೆ ಇವರಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಹಲೀನಾ ನಿಧಾನಕ್ಕೆ ತಿರುಗಿದಳು. ಇವರ ಒದ್ದೆ ಕಣ್ಣನ್ನೂ, ಮಾಸಿದ ಸೀರೆಯನ್ನೂ ನೋಡಿ ಏನೋ ಅಂದಳು.

"ವಾಪಸ್ ಕೊಡೋಕೆ ಆಗಲ್ವಂತೆ" ಎಂದಳು ಸೋಮಿ. "ತಿಂದಾಗಿದೆಯಂತೆ. ಇನ್ನು ಸ್ವಲ್ಪ ಇದೆಯಂತೆ."

ಒಲೆಯ ಮೇಲಿದ್ದದ್ದು ಅದೇ. ನವಣೆಯಂಥ ಕಾಳಿನ ಜೊತೆ ಹಾಲಿನಲ್ಲಿ ಬೆಂದ ಕುಂಬಳದ ಗಂಜಿ. ಹಲೀನಾ ಮಾತಾಡುತ್ತ ಹೋದಳು, ಸೋಮಿ ತುಂಡು ತುಂಡಾಗಿ ಇಂಗ್ಲಿಷಿಗೆ ತಿರುಗಿಸಿದಳು. ಹಲೀನಾಳ ಅಜ್ಜಿ ಊರಿಗೆ ಊರೇ ಹಸಿವಿನಿಂದ ಸತ್ತ ಕಾಲದಲ್ಲಿ ಬದುಕಿ ಉಳಿದವಳು. ಅವರ ಮನೆಯಲ್ಲಿ ತಿನ್ನುವ ವಸ್ತುವನ್ನು ಎಸೆಯುವುದಿಲ್ಲ, ಅದು 'ಬೇಡ' ಎಂದು ಹೇಳಲು ಬಂದಿದ್ದರೂ. ಅದಕ್ಕೇ ಕೊಯ್ದು, ದಿನಾ ಸ್ವಲ್ಪ ಸ್ವಲ್ಪ ಬೇಯಿಸಿ ಒಬ್ಬಳೇ ತಿಂದಳು.

ಇಲ್ಲಿಗೆ ಬಂದಾಗ ಸೋಮಿ ತಾಯಿಯನ್ನು ಏನೋ ಕೇಳಿದಳು, ತಾಯಿ ನೆಲ ನೋಡಿದಳು.

"ನನಗೆ ಒಂದು ಚಮಚಾನೂ ಕೊಟ್ಟಿರಲಿಲ್ಲ" ಎಂದಳು ಸೋಮಿ. "ಯಾಕೆ ಅಂತ ಈಗ ಹೇಳ್ತಿದಾರೆ. ಬೇಡ ಅಂದಿದ್ದನ್ನ ತಾನೇ ತಿಂದು ಮುಗಿಸಿದ್ರೆ, ಅದು ಮಗಳಿಗೆ ತಟ್ಟಲ್ಲ ಅಂತ."

ಕಾಂತಾಮಣಿ ಕುರ್ಚಿ ಎಳೆದುಕೊಂಡು ಕೂತರು. ವಾರವಿಡೀ ಒಬ್ಬ ತಾಯಿ ಈ ಮೇಜಿನ ಮುಂದೆ ಒಬ್ಬಳೇ ಕೂತು ತಿಂದದ್ದು ಕಣ್ಣಿಗೆ ಕಟ್ಟಿತು. ತಾವಾಗಿದ್ದರೂ ಇದನ್ನೇ ಮಾಡುತ್ತಿದ್ದರು, ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಕೈಚಾಚಿ ಪಾತ್ರೆಯನ್ನು ತಮ್ಮ ಮುಂದಕ್ಕೆ ಎಳೆದುಕೊಂಡರು.

"ನಾನು ತಂದಿದ್ದು. ಮಿಕ್ಕಿದ್ದು ನಾನು ತಿಂತೀನಿ" ಎಂದು ಕನ್ನಡದಲ್ಲೇ ಹೇಳಿ ಚಮಚ ಹಾಕಿದರು. ಗಂಜಿ ಬಿಸಿಯಿತ್ತು, ಬಾಯಿ ಸುಟ್ಟಿತು. ಅವರು ಬಿಡಲಿಲ್ಲ. ಅಳುತ್ತಲೇ ತಿಂದರು.

ಹಲೀನಾ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಇನ್ನೊಂದು ಚಮಚ ತಂದು ಎದುರಿಗೆ ಕೂತು ತಾನೂ ತಿನ್ನತೊಡಗಿದಳು. ಪಾತ್ರೆಯ ತಳ ಕಾಣತೊಡಗಿದಾಗ ಹಲೀನಾ ಕೈ ತಡೆದಳು. ಎದ್ದು ಹೋಗಿ ಮೂರನೆಯ ಚಮಚ ತಂದು, ಕೊನೆಯ ತುತ್ತನ್ನು ತುಂಬಿ, ಬಾಗಿಲ ಬಳಿಯೇ ನಿಂತಿದ್ದ ಮಗಳ ಬಾಯಿಗೆ ಇಟ್ಟಳು.