ತದಡಿಗೆ ಕಳಿಸಿದ ಹತ್ತು ನಿಮಿಷ

ನಮ್ಮ ಕಡೆಯ ಟೀವಿ ಕಂಪನಿಯ ಚರಿತ್ರೆಯನ್ನು ಅದರ ಮಾಲೀಕರ ಬಾಯಿಂದಲೇ ಎಷ್ಟೋ ಸಲ ಕೇಳಿದ್ದೇನೆ. ಅವರು ಕರ್ಕಿಯವರು. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು, ಹಾಗಾಗಿ ಇವತ್ತಿಗೂ ನನಗೆ ‘ಸರ್’. ರಜೆಯಲ್ಲಿ ಮದುವೆಯ ವೀಡಿಯೊ ತೆಗೆಯುತ್ತಿದ್ದವರು ಒಮ್ಮೆ ಊರಿನ ತಾಳಮದ್ದಳೆಯನ್ನು ಚಿತ್ರೀಕರಿಸಿ ಹೊನ್ನಾವರದ ಕೇಬಲ್‌ನವರಿಗೆ ಕೊಟ್ಟರಂತೆ. ಅದನ್ನು ಕೇಳಿ ಕುಮಟಾದವರು, ಭಟ್ಕಳದವರು, ನಮಗೂ ಒಂದು ಕ್ಯಾಸೆಟ್ ಬೇಕು ಎಂದರು. ಒಮ್ಮೆ ಚಿತ್ರೀಕರಿಸುವುದು, ಊರೂರಿನ ಕೇಬಲ್‌ಗೆ ಹಂಚುವುದು: ಕಂಪನಿ ಅಂದರೆ ಇಷ್ಟೇ. ಕ್ಯಾಸೆಟ್ಟು ಬಸ್ಸಿನ ಡ್ರೈವರ್ ಕೈಯಲ್ಲಿ ಹೋಗುತ್ತಿತ್ತು. ಆಮೇಲೆ ಸೀಡಿ ಬಂತು, ಪೆನ್‌ಡ್ರೈವ್ ಬಂತು, ಈಗ ಲಿಂಕ್ ಕಳಿಸಿದರೆ ಮುಗಿಯಿತು.

ಆದರೆ ಒಂದೇ ಕಾರ್ಯಕ್ರಮ ಎಲ್ಲ ಊರಿಗೂ ಒಂದೇ ಥರ ಹೋಗುತ್ತಿರಲಿಲ್ಲ. ಕುಮಟಾಕ್ಕೆ ಅರ್ಧ ಗಂಟೆಯದ್ದು. ಹೊನ್ನಾವರದವರಿಗೆ ಮೊದಲಿಗೊಂದು ಭಾಗವತಿಕೆಯ ಪದ ಬೇಕು. ಭಟ್ಕಳದವರು ಕೇಳುವುದು ಹತ್ತೇ ನಿಮಿಷ, ಶುರುವಿಗೊಂದು ಅಲ್ಲಿನ ನವಾಯತಿ ಭಾಷೆಯ ನಮಸ್ಕಾರ. “ಬಟ್ಟೆ ಒಂದೇ, ಅಳತೆ ಬೇರೆ” ಎಂದು ಸರ್ ನಗುತ್ತಿದ್ದರು. ಎಡಿಟಿಂಗ್ ಕೋಣೆಯಲ್ಲಿ ಅವರ ಪಕ್ಕ ಕೂತು ನಾನೂ ನಗುತ್ತಿದ್ದೆ. ಬೇರೆ ಯಾರು ಏನು ಹೇಳಿದರೂ ಪುರಾವೆ ಕೇಳುವವಳು ನಾನು. ಸರ್ ಹೇಳಿದ್ದಕ್ಕೆ ಮಾತ್ರ ಕೇಳಲಿಲ್ಲ.

ನನಗೆ ಚರ್ಚೆ ಕಲಿಸಿದವರೂ ಅವರೇ. ತಾಳಮದ್ದಳೆಯ ರಸ ಉಂಡ ಮನುಷ್ಯ. “ಎದುರಾಳಿಯ ವಾದವನ್ನು ಅವನಿಗಿಂತ ಚಂದ ಮಾಡಿ ನೀನೇ ಮೊದಲು ಹೇಳು. ಅವನೇ ತಲೆದೂಗಬೇಕು. ಆಮೇಲೆ ಕೆಡವು” ಎನ್ನುತ್ತಿದ್ದರು. ಈ ಪಟ್ಟಿನಿಂದ ಕುಮಟಾದ ಕಾಲೇಜಿಗೆ ಎಷ್ಟು ಕಪ್ ತಂದೆನೋ.

ಹೋದ ವರ್ಷ ಕಂಪನಿ ಕಾಲೇಜು ಹುಡುಗರ ಚರ್ಚೆಯೊಂದನ್ನು ಚಿತ್ರೀಕರಿಸಿತು. ಅಘನಾಶಿನಿ ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವುದನ್ನು ಕೆಲವು ತಿಂಗಳು ನಿಲ್ಲಿಸಬೇಕೋ ಬೇಡವೋ ಎಂಬುದು ವಿಷಯ. ನಾನು ‘ಬೇಡ’ದ ಕಡೆ. ತದಡಿಯಲ್ಲಿ ನನ್ನ ಚಿಕ್ಕಿಯ ಮನೆ ನಡೆಯುವುದೇ ಬಳಚಿನಿಂದ. ನೀರು ಇಳಿದಾಗ ಸೊಂಟದ ಮಟ್ಟ ನಿಂತು ಕಾಲಲ್ಲೇ ಚಿಪ್ಪು ಹುಡುಕುವವಳು ಅವಳು. ಹಾಗಿದ್ದೂ ಕಲಿಸಿದಂತೆಯೇ ಶುರುಮಾಡಿದೆ. ಮರಿಬಳಚನ್ನೂ ಬಿಡದೆ ಹೆಕ್ಕುತ್ತಾರೆ, ಈ ಹೆಂಗಸರನ್ನು ತಡೆಯದಿದ್ದರೆ ಹೊಳೆ ಬರಿದಾಗುತ್ತದೆ ಎಂದು ಎದುರಿನವರೂ ಹೇಳಲಾರದಷ್ಟು ಜೋರಾಗಿ ಹೇಳಿದೆ. ಆಮೇಲೆ, “ಇದು ಅವರ ವಾದ, ಈಗ ನನ್ನದು ಕೇಳಿ” ಎಂದು ತಿರುಗಿದೆ. ಬಳಚಿನ ನೆಲವನ್ನೇ ಅಗೆದು ಒಯ್ಯುತ್ತಿರುವುದು ಮರಳಿನ ದೋಣಿಗಳು, ಹೆಂಗಸರ ಕಾಲಲ್ಲ ಎಂದೆ. ಚಪ್ಪಾಳೆ ಬಿತ್ತು.

ಅದು ಕೇಬಲ್‌ನಲ್ಲಿ ಬಂದ ಭಾನುವಾರ ಚಿಕ್ಕಿಯ ಫೋನು ಬಂತು.

“ನಮ್ಮನ್ನು ಹೊಳೆಗೆ ಇಳೀಬಾರ್ದು ಅಂದ್ಯಂತಲ್ಲೆ. ಹೌದಾ?”

ತದಡಿಯ ಕೇಬಲ್‌ನಲ್ಲಿ ಬಂದ ಹತ್ತು ನಿಮಿಷದಲ್ಲಿ ನನ್ನದು ಮೊದಲ ಅರ್ಧ ಮಾತ್ರ ಇತ್ತು. ‘ಇದು ಅವರ ವಾದ’ ಎನ್ನುವುದಕ್ಕೆ ಮೊದಲೇ ಕತ್ತರಿ ಬಿದ್ದಿತ್ತು.

ಮರುದಿನ ಬೆಳಿಗ್ಗೆಯೇ ಹೊನ್ನಾವರದ ಸ್ಟುಡಿಯೊಕ್ಕೆ ಓಡಿದೆ. ಸರ್ ಚಾ ಕುಡಿಯುತ್ತಿದ್ದರು.

“ಎಂತ ಮಾರಾಯ್ತಿ, ಇಷ್ಟು ಬೆಳಿಗ್ಗೆ?”

“ತದಡಿಗೆ ಹೋದದ್ದರಲ್ಲಿ ನನ್ನ ಉತ್ತರ ಎಲ್ಲಿ ಸರ್?”

“ಅವರು ಕೇಳಿದ್ದು ಹತ್ತು ನಿಮಿಷ. ಹಿಡಿಸಲಿಲ್ಲ.”

“ಭಟ್ಕಳಕ್ಕೂ ಹತ್ತೇ ನಿಮಿಷ. ಅದರಲ್ಲಿ ನನ್ನ ಉತ್ತರ ಪೂರ್ತಿ ಇದೆ. ಎರಡೂ ಊರಿನ ಲಿಂಕ್ ತೆರೆದು ನೋಡಿಕೊಂಡೇ ಬಂದೆ.”

ಲೋಟ ಕೆಳಗಿಟ್ಟರು. ತದಡಿಯ ಕೇಬಲ್‌ನವನ ಭಾವನದ್ದು ಎರಡು ಮರಳಿನ ದೋಣಿಯಂತೆ. ಆ ಭಾಗ ಇದ್ದರೆ ಹಾಕುವುದೇ ಇಲ್ಲ ಎಂದನಂತೆ.

“ಹಾಗಾದರೆ ಹಾಕದೇ ಇರಲಿ ಅಂತ ಬಿಡಬೇಕಿತ್ತು.”

“ಒಂದು ಊರು ಬಿಟ್ಟರೆ ನಾಳೆ ಇನ್ನೊಂದು ಊರು ಬಿಡ್ತದೆ. ಮತ್ತೆ ನಾನು ಒಂದಕ್ಷರ ಸೇರಿಸ್ಲಿಲ್ಲ. ಇದ್ದದ್ದೆಲ್ಲ ನಿನ್ನ ಬಾಯಿಂದ ಬಂದದ್ದೇ ಅಲ್ವಾ?”

“ಪೂರ್ತಿಯದ್ದನ್ನು ತದಡಿಗೆ ಕಳಿಸಿ ಸರ್. ಒಂದೇ ಸಲ.”

“ಆತು, ನೋಡುವ” ಎಂದರು. ನೋಡುವ ಎಂದರೆ ಇಲ್ಲ ಎಂದು. ಅವರ ಪಕ್ಕ ಕೂತು ಕೇಬಲ್‌ನವರಿಗೆ ಅವರು ಹಾಗೆ ಹೇಳುವುದನ್ನು ನೂರು ಸಲ ಕೇಳಿದ್ದೆ.

ಎದುರಾಳಿ ಮೋಸ ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಮೊದಲ ಅರ್ಧವನ್ನು ಯಾಕೆ ಅಷ್ಟು ಗಟ್ಟಿಯಾಗಿ ಹೇಳುತ್ತೇನೆ ಎಂಬುದು ಈ ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದ ಮನುಷ್ಯ ಅವರು. ಎಲ್ಲಿ ಕತ್ತರಿಸಿದರೆ ನಾನು ಬೇರೆಯವಳಾಗುತ್ತೇನೆ ಎಂದು ಗೊತ್ತಿದ್ದವರೂ ಅವರೊಬ್ಬರೇ.

ಸರಿ, ನಾನೇ ತೋರಿಸುತ್ತೇನೆ ಎಂದುಕೊಂಡೆ. ಭಟ್ಕಳದ ಪ್ರತಿಯನ್ನು ಮೊಬೈಲಿಗೆ ಇಳಿಸಿಕೊಂಡು ಮರುದಿನ ತದಡಿಗೆ ಹೋದೆ. ಚಿಕ್ಕಿ ಮತ್ತು ಜೊತೆಯ ಹೆಂಗಸರು ದಡದಲ್ಲಿ ಸೀರೆ ಎತ್ತಿ ಕಟ್ಟಿಕೊಂಡು ಇಳಿತಕ್ಕೆ ಕಾಯುತ್ತಿದ್ದರು. ಯಾರೂ ‘ಯಾವಾಗ ಬಂದ್ಯೆ’ ಎನ್ನಲಿಲ್ಲ.

“ಚಿಕ್ಕಿ, ನಾ ಹೇಳಿದ್ದು ಪೂರ್ತಿ ಇದರಲ್ಲಿ ಉಂಟು. ಒಮ್ಮೆ ನೋಡು.”

ಐದಾರು ತಲೆಗಳು ಮೊಬೈಲಿನ ಮೇಲೆ ಬಾಗಿದವು. ನವಾಯತಿ ನಮಸ್ಕಾರ ಬಂತು. ಮೊದಲ ಅರ್ಧ ಬಂತು. ಮರಳಿನ ದೋಣಿಯ ಮಾತು ಬಂದಾಗ ಚಿಕ್ಕಿ ನನ್ನ ಮುಖ ನೋಡಿದಳು. ಗೆದ್ದೆ ಅಂದುಕೊಂಡೆ.

“ಇದೆಲ್ಲಿ ಹಾಕಿದ್ದೆ?” ಪಕ್ಕದ ಮನೆಯವಳು ಕೇಳಿದಳು.

“ಭಟ್ಕಳದಲ್ಲಿ.”

“ಹಂಗಾರೆ ಭಟ್ಕಳದವ್ರ ಎದುರು ಒಂದು ಮಾತು, ನಮ್ಮ ಎದುರು ಒಂದು. ಚಲೋ ಕಲ್ತಿದೀಯೆ ಮಾತಾಡೂಕೆ!”

ಎಲ್ಲರೂ ನಕ್ಕರು. ಹಾಗಲ್ಲ, ಕತ್ತರಿಸಿದ್ದು ಕಂಪನಿ, ಮಾತಾಡಿದ್ದು ಒಂದೇ ದಿನ, ಒಂದೇ ವೇದಿಕೆ ಎಂದು ವಿವರಿಸಲು ಹೋದೆ. ವಿವರಿಸಿದಷ್ಟೂ ಬಚಾವಾಗಲು ನೋಡುವವಳ ಹಾಗೆ ನನಗೇ ಕೇಳಿಸಿತು.

“ಅವರು ಹಾಕಿದ್ದು ನೀ ಹೇಳಿದ್ದೇ ಹೌದಾ ಅಲ್ವಾ? ಅಷ್ಟು ಹೇಳು” ಎಂದಳು ಚಿಕ್ಕಿ.

“ಹೌದು. ಆದರೆ...”

“ಆತು ಬಿಡು.”

ನೀರು ಇಳಿಯತೊಡಗಿತ್ತು. ಚಿಕ್ಕಿ ಬುಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡಳು. “ಮನೇಲಿ ಅನ್ನ ಉಂಟು, ಉಂಡು ಹೋಗು” ಎಂದು ನನ್ನ ಕಡೆ ನೋಡದೆ ಹೇಳಿ ಉಳಿದವರ ಹಿಂದೆ ಹೊಳೆಗೆ ಇಳಿದಳು. ನಾನು ಮನೆಗೆ ಹೋಗಲಿಲ್ಲ, ಉಣ್ಣಲೂ ಇಲ್ಲ. ಕುಮಟಾದ ಬಸ್ಸಿಗೆ ಕಾದು ನಿಂತೆ.